ಹೈಸ್ಕೂಲು ಮಕ್ಕಳ ಕೈಗೆ ಯಾವ ಕಾದಂಬರಿ ಕೊಡುವುದು?

ಬೇಸಿಗೆ ರಜೆ ಹತ್ತಿರ ಬಂತು ಅಂದರೆ ಫೋನು ಶುರು. "ಮಗಳು ಈಗ ಒಂಬತ್ತನೇ ಕ್ಲಾಸು, ಓದೋಕೆ ಏನಾದ್ರೂ ಒಳ್ಳೇದು ಹೇಳಿ" ಅಂತ. ಹಾಗೆ ಕೇಳುವ ಅಪ್ಪ ಅಮ್ಮಂದಿರಿಗೆ ಒಂದೇ ಪುಸ್ತಕದಿಂದ ಮೂರು ಕೆಲಸ ಆಗಬೇಕು. ಇಂಗ್ಲಿಷ್ ಸುಧಾರಿಸಬೇಕು, ಬುದ್ಧಿ ಬರಬೇಕು, ಮೊಬೈಲ್ ಬಿಡಬೇಕು. ಮಗಳಿಗೆ ಏನು ಇಷ್ಟ ಅಂತ ತಿರುಗಿ ಕೇಳಿದರೆ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ.

ನಮ್ಮ ಮನೆ ಹಾಲ್‌ನಲ್ಲಿ ಒಂದು ಕಪಾಟಿದೆ. ಬೀದಿಯ ಮಕ್ಕಳು ಬಂದು ನೋಟ್‌ಬುಕ್ಕಿನಲ್ಲಿ ಹೆಸರು, ತಾರೀಕು ಬರೆದು ಪುಸ್ತಕ ಒಯ್ಯುತ್ತಾರೆ. ದುಡ್ಡಿಲ್ಲ, ದಂಡವೂ ಇಲ್ಲ. ಯಾವ ಪುಸ್ತಕ ಎರಡೇ ದಿನಕ್ಕೆ ವಾಪಸ್ ಬಂತು, ಯಾವುದು ಇಪ್ಪತ್ತನೇ ಪುಟದಲ್ಲಿ ಬಸ್ ಟಿಕೆಟ್ ಸಿಕ್ಕಿಸಿಕೊಂಡು ಯಾರದೋ ಮನೆಯಲ್ಲಿ ತಿಂಗಳುಗಟ್ಟಲೆ ಕೂತಿತ್ತು ಅನ್ನುವುದೆಲ್ಲ ಆ ನೋಟ್‌ಬುಕ್ಕಿನಲ್ಲಿ ಇದೆ. ಅದನ್ನು ನೋಡಿಯೇ ಇದನ್ನು ಬರೆಯುತ್ತಿದ್ದೇನೆ. ನನಗೆ ಕಂಡದ್ದು ಇಷ್ಟು: ಈ ವಯಸ್ಸಿನವರ ಕೈಯಲ್ಲಿ ಓಡುವ ಕಾದಂಬರಿಯಲ್ಲಿ ಕಷ್ಟದ ತೀರ್ಮಾನ ಅದರೊಳಗಿನ ಹುಡುಗನದೋ ಹುಡುಗಿಯದೋ ಆಗಿರುತ್ತದೆ, ದೊಡ್ಡವರು ಬಂದು ಗಂಟು ಬಿಡಿಸಿಕೊಡುವುದಿಲ್ಲ. ಕೊನೆಗೆ ಮೇಷ್ಟ್ರೋ ಅಜ್ಜನೋ ಬಂದು ನೀತಿ ಹೇಳುವ ಪುಸ್ತಕ ಆದರೆ ಮಕ್ಕಳಿಗೆ ಹತ್ತು ಪುಟದಲ್ಲೇ ವಾಸನೆ ಬಡಿದುಬಿಡುತ್ತದೆ. ಆಮೇಲೆ ಎಷ್ಟು ಬಲವಂತ ಮಾಡಿದರೂ ಅಷ್ಟೆ.

ಮೊದಲು ಎಸ್. ಇ. ಹಿಂಟನ್ ಅವರ 'ದಿ ಔಟ್‌ಸೈಡರ್ಸ್'. 1967ರ ಪುಸ್ತಕ. ಅಷ್ಟು ಹಳೇದು ಈಗಿನ ಮಕ್ಕಳು ಓದುತ್ತಾರಾ ಅಂತ ಕೇಳಬೇಡಿ, ಓದುತ್ತಾರೆ. ಬರೆಯಲು ಶುರು ಮಾಡಿದಾಗ ಲೇಖಕಿಗೆ 15 ವರ್ಷ, ಅಚ್ಚಾಗಿ ಬಂದಾಗ 18. ಅಮೆರಿಕದ ಓಕ್ಲಹೋಮಾದ ಟಲ್ಸಾ ಊರಿನವರು. ಹೆಸರನ್ನು ಪೂರ್ತಿ ಹಾಕದೆ ಬರೀ ಇನಿಷಿಯಲ್ ಹಾಕಿದ್ದು ಪ್ರಕಾಶಕರ ಸಲಹೆ. ಗಂಡು ಹುಡುಗರ ಹೊಡೆದಾಟದ ಕಥೆಯನ್ನು ಹುಡುಗಿ ಬರೆದಿದ್ದಾಳೆ ಅಂತ ಗೊತ್ತಾದರೆ ವಿಮರ್ಶಕರು ಕಡೆಗಣಿಸಬಹುದು ಅನ್ನುವ ಭಯವಂತೆ. ಇದನ್ನು ಹೇಳಿ ಕೊಟ್ಟರೆ ಹೆಣ್ಣುಮಕ್ಕಳು ಅಲ್ಲೇ ನಿಂತು ಮೊದಲ ಪುಟ ತೆರೆಯುತ್ತಾರೆ.

ಕಥೆ ಹೇಳುವವನು ಪೋನಿಬಾಯ್, 14 ವರ್ಷದವನು. ಅಪ್ಪ ಅಮ್ಮ ಕಾರು ಅಪಘಾತದಲ್ಲಿ ಹೋಗಿದ್ದಾರೆ. ದೊಡ್ಡಣ್ಣ ಡ್ಯಾರಿಗೇ ಇನ್ನೂ 20. ಕಾಲೇಜಿಗೆ ಹೋಗುವ ಆಸೆ ಬಿಟ್ಟು ದುಡಿದು ಇಬ್ಬರು ತಮ್ಮಂದಿರನ್ನು ಸಾಕುತ್ತಿದ್ದಾನೆ, ಯಾವಾಗಲೂ ಸಿಡುಕುತ್ತಾನೆ. ಊರಲ್ಲಿ ಬಡ ಹುಡುಗರದ್ದು ಒಂದು ಗುಂಪು, ಕಾರಿನಲ್ಲಿ ಓಡಾಡುವ ಶ್ರೀಮಂತರ ಮಕ್ಕಳದ್ದು ಇನ್ನೊಂದು. ಒಂದು ರಾತ್ರಿ ಪಾರ್ಕಿನಲ್ಲಿ ಗಲಾಟೆ ಕೈಮೀರಿ ಹೋಗುತ್ತದೆ. ಅಲ್ಲಿಂದ ಮುಂದೆ ಪುಸ್ತಕ ಕೆಳಗಿಡಲು ಆಗುವುದಿಲ್ಲ. ನಮ್ಮ ಬೀದಿಯ ಹತ್ತನೇ ಕ್ಲಾಸಿನ ಹುಡುಗ, ಮಾತೇ ಆಡದವನು, ಪುಸ್ತಕ ವಾಪಸ್ ಕೊಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಒಂದು ಮಾತು ಅಂದ. "ಆಂಟಿ, ಅಣ್ಣ ಯಾಕೆ ಹಂಗೆ ಬೈತಾನೆ ಅಂತ ನನಗೆ ಬೇಗ ಗೊತ್ತಾಯ್ತು, ಪೋನಿಬಾಯ್‌ಗೇ ಗೊತ್ತಾಗಲ್ಲ ತುಂಬಾ ಹೊತ್ತು." ನಾನು ಏನೂ ಕೇಳಿರಲಿಲ್ಲ. ಅವನಿಗೂ ಒಬ್ಬ ಅಣ್ಣ ಇದ್ದಾನೆ, ಬೆಳಗ್ಗೆ ಪೇಪರ್ ಹಾಕಿ ಆಮೇಲೆ ಡಿಪ್ಲೊಮಾಗೆ ಹೋಗುವವನು.

ಪುಸ್ತಕದ ತುಂಬ ಹುಡುಗರು ಸಿಗರೇಟು ಸೇದುತ್ತಾರೆ, ಚಾಕು ಇದೆ, ಸಾವು ಇದೆ. ಅದಕ್ಕೆ ಎಂಟನೇ ಕ್ಲಾಸಿಗಿಂತ ಕೆಳಗೆ ಕೊಡುವುದಿಲ್ಲ. ಇಂಗ್ಲಿಷ್ ಮಾತ್ರ ಬಹಳ ಸಲೀಸು, ಪುಟವೂ ಕಡಿಮೆ. ಇಂಗ್ಲಿಷ್ ಕಾದಂಬರಿಯನ್ನು ಮೊದಲ ಸಲ ಪೂರ್ತಿ ಓದಬೇಕು ಅನ್ನುವವರಿಗೆ ನನ್ನ ಕಪಾಟಿನಲ್ಲಿ ಇದಕ್ಕಿಂತ ಒಳ್ಳೇದಿಲ್ಲ.

ಇನ್ನು ಕನ್ನಡ. ಇಲ್ಲಿ ನನ್ನ ಒಂದು ಸಿಟ್ಟು ಹೇಳಿಬಿಡುತ್ತೇನೆ. ಅಂಗಡಿಗೆ ಹೋಗಿ ಹದಿನಾಲ್ಕು ವರ್ಷದವರಿಗೆ ಕನ್ನಡದಲ್ಲಿ ಏನಿದೆ ಅಂದರೆ ಪಂಚತಂತ್ರ, ಮಹಾತ್ಮರ ಚರಿತ್ರೆ, ರಸಪ್ರಶ್ನೆ ತೋರಿಸುತ್ತಾರೆ. ಹದಿನಾಲ್ಕು ವರ್ಷದ ಹುಡುಗನಿಗೆ ಮಾತಾಡುವ ಮೊಲದ ಕಥೆ! ಆ ಶೆಲ್ಫನ್ನು ದಾಟಿ ಸೀದಾ ಪೂರ್ಣಚಂದ್ರ ತೇಜಸ್ವಿ ಇರುವ ಕಡೆ ಹೋಗಿ.

'ಕರ್ವಾಲೊ' ಬಂದದ್ದು 1980ರಲ್ಲಿ. ಅದನ್ನು ಮಕ್ಕಳಿಗೆ ಅಂತ ಬರೆದದ್ದಲ್ಲ, ಅದೇ ಅದರ ಲಾಭ. ಮೂಡಿಗೆರೆ ಕಡೆಯ ಒಬ್ಬ ಕೃಷಿಕ, ಕರ್ವಾಲೊ ಅನ್ನುವ ವಿಜ್ಞಾನಿ, ಮಂದಣ್ಣ, ಬಿರಿಯಾನಿ ಕರಿಯಪ್ಪ, ಪ್ಯಾರ, ಕಿವಿ ಅನ್ನುವ ನಾಯಿ, ಇವರೆಲ್ಲ ಸೇರಿ ಪಶ್ಚಿಮ ಘಟ್ಟದ ಕಾಡಿನಲ್ಲಿ ಒಂದು ಹಾರುವ ಓತಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಮಕ್ಕಳು ಹಿಡಿದುಕೊಳ್ಳುವುದು ಮಂದಣ್ಣನನ್ನು. ಶಾಲೆಯ ಓದು ಹತ್ತದವನು, ಊರವರ ಲೆಕ್ಕದಲ್ಲಿ ಉಂಡಾಡಿ, ಮದುವೆಗೆ ಒಂದು ಕೆಲಸ ಬೇಕು ಅಂತ ಒದ್ದಾಡುವವನು. ಆದರೆ ಕಾಡಿನ ವಿಷಯ ಬಂದರೆ ಅಷ್ಟು ಓದಿದ ವಿಜ್ಞಾನಿ ಅವನು ಹೇಳುವುದನ್ನು ತಲೆತಗ್ಗಿಸಿ ಕೇಳುತ್ತಾರೆ. ಟೆಸ್ಟಿನಲ್ಲಿ ಮಾರ್ಕ್ಸ್ ಕಡಿಮೆ ಬಂದು ಮನೆಯಲ್ಲಿ ದಿನಾ ಬೈಗುಳ ತಿನ್ನುವ ಹುಡುಗ ಅದನ್ನು ಓದುವಾಗ ಅವನ ಮುಖ ನೋಡಬೇಕು. "ಇಂಥ ಸಾರ್ ನಮ್ಮ ಸ್ಕೂಲಲ್ಲೂ ಇರಬೇಕಿತ್ತು" ಅಂತ ಒಬ್ಬನಂತೂ ಬಾಯಿಬಿಟ್ಟೇ ಹೇಳಿದ. ಜೊತೆಗೆ ನಗು ಬೇಕಾದಷ್ಟಿದೆ, ಅದೂ ಪೋಲಿ ನಗು, ಪಠ್ಯಪುಸ್ತಕದ್ದಲ್ಲ.

ಒಂದು ತೊಂದರೆ ಇದೆ. ಇಂಗ್ಲಿಷ್ ಮೀಡಿಯಂ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದುವಾಗ ಮಾತ್ರ ಒತ್ತಕ್ಷರಕ್ಕೆ ಎಡವುತ್ತಾರೆ. ಹತ್ತು ನಿಮಿಷಕ್ಕೆ ಎರಡು ಪುಟ ಆದರೆ ಯಾವ ಕಥೆಯೂ ರುಚಿಸುವುದಿಲ್ಲ. ಅಂಥವರಿಗೆ ಮೊದಲ ಅಧ್ಯಾಯ ನಾನೇ ಗಟ್ಟಿಯಾಗಿ ಓದುತ್ತೇನೆ. ತೇಜಸ್ವಿಯವರ ಕನ್ನಡ ಆಡುಮಾತಿಗೆ ಹತ್ತಿರ, ಕಿವಿಗೆ ಬಿದ್ದರೆ ಅರ್ಥ ಆಗಿಬಿಡುತ್ತದೆ. ಪಾತ್ರಗಳ ಪರಿಚಯ ಆದ ಮೇಲೆ ಪುಸ್ತಕ ಕೈಗೆ ಕೊಟ್ಟರೆ ನಿಧಾನವಾಗಿಯಾದರೂ ಮುಗಿಸುತ್ತಾರೆ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರಿಗೇ ಈ ಕೆಲಸ ಕೊಡಿ, ಅವರೂ ಖುಷಿಪಡುತ್ತಾರೆ. ಅದು ಹಿಡಿಸಿದರೆ ಮುಂದೆ 'ಜುಗಾರಿ ಕ್ರಾಸ್', 1994ರದ್ದು. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ ಒಂದು ಜಾಲಕ್ಕೆ ಸಿಕ್ಕಿಹಾಕಿಕೊಳ್ಳುವ ಥ್ರಿಲ್ಲರ್, ಹಳೆಯ ಕಾವ್ಯದ ಒಂದು ಒಗಟೂ ಇದೆ. ವೆಬ್ ಸೀರೀಸ್ ನೋಡುವ ಮಕ್ಕಳಿಗೆ ಇದರ ಓಟ ಸರಿಹೋಗುತ್ತದೆ. ಆದರೆ ಮೊದಲು 'ಕರ್ವಾಲೊ', ಆಮೇಲೆ ಇದು.

'ದಿ ಹಂಗರ್ ಗೇಮ್ಸ್' ಬಗ್ಗೆ ಅಮ್ಮಂದಿರದ್ದು ಒಂದೇ ತಕರಾರು: ಮಕ್ಕಳು ಮಕ್ಕಳನ್ನೇ ಕೊಲ್ಲುವ ಕಥೆಯಂತಲ್ಲ? ಹೌದು. ಸುಝಾನ್ ಕಾಲಿನ್ಸ್ 2008ರಲ್ಲಿ ಬರೆದದ್ದು. ರಾಜಧಾನಿಯವರ ಮನರಂಜನೆಗೆ 12 ಜಿಲ್ಲೆಗಳಿಂದ ತಲಾ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿ ಎತ್ತಿ ಆರಿಸಿ, ಒಬ್ಬರು ಉಳಿಯುವ ತನಕ ಕಾದಾಡಿಸಿ, ಅದನ್ನು ಟಿವಿಯಲ್ಲಿ ತೋರಿಸುತ್ತಾರೆ. ಭಯಂಕರವೇ. ಆದರೆ ಮೊದಲ ಅಧ್ಯಾಯದಲ್ಲೇ ಬರುವ ಚೀಟಿಯ ಲೆಕ್ಕ ನೋಡಿ. 12 ತುಂಬಿದ ವರ್ಷ ನಿಮ್ಮ ಹೆಸರಿನ ಒಂದು ಚೀಟಿ, ಮರುವರ್ಷ ಎರಡು, ಹೀಗೆ ಏರುತ್ತಾ ಹೋಗುತ್ತದೆ. ಮನೆಯಲ್ಲಿ ಊಟಕ್ಕಿಲ್ಲದಿದ್ದರೆ ಇನ್ನೊಂದು ಚೀಟಿ ಹಾಕಿಸಿ ಒಬ್ಬರಿಗಾಗುವ ಒಂದು ವರ್ಷದ ಧಾನ್ಯ, ಎಣ್ಣೆ ತೆಗೆದುಕೊಳ್ಳಬಹುದು. ಅಮ್ಮ, ತಂಗಿ, ತಾನು ಅಂತ ಪ್ರತಿ ವರ್ಷ ಮೂರು ಚೀಟಿ ಜಾಸ್ತಿ ಹಾಕಿಸಿದ ಕಥಾನಾಯಕಿ ಕ್ಯಾಟ್ನಿಸ್‌ಗೆ 16 ಆಗುವಷ್ಟರಲ್ಲಿ 20 ಚೀಟಿ. ತಂಗಿ ಪ್ರಿಮ್‌ದು ಒಂದೇ ಒಂದು. ಎತ್ತಿದಾಗ ಬರುವುದು ಪ್ರಿಮ್ ಹೆಸರು. ತಂಗಿಯ ಬದಲು ನಾನು ಹೋಗುತ್ತೇನೆ ಅಂತ ಅಕ್ಕ ಮುಂದೆ ಬರುತ್ತಾಳೆ. "ಬಡವರ ಮಕ್ಕಳ ಚೀಟಿನೇ ಜಾಸ್ತಿ ಇರುತ್ತೆ, ಅಲ್ವಾ? ರೇಷನ್ ಕೊಟ್ಟು ಹೆಸರು ಬರೆಸ್ಕೋತಾರೆ" ಅಂತ ಎಂಟನೇ ಕ್ಲಾಸಿನ ಹುಡುಗಿ ಲೆಕ್ಕ ಹಾಕಿ ಹೇಳಿದಳು. ಸಮಾಜಶಾಸ್ತ್ರದ ಪಾಠ ಯಾರೂ ಮಾಡಿರಲಿಲ್ಲ. ರಿಯಾಲಿಟಿ ಶೋ ನೋಡುವ ಮನೆಗಳಲ್ಲಿ ಈ ಪುಸ್ತಕ ಇರಲೇಬೇಕು ಅಂತ ನನ್ನ ಅಭಿಪ್ರಾಯ. ಮೂರು ಭಾಗ ಒಟ್ಟಿಗೆ ಕೊಳ್ಳಬೇಡಿ. ಮೊದಲನೆಯದು ಸಾಕು, ಬೇಕಾದರೆ ಎರಡನೆಯದು. ಮೂರನೆಯದು ನಮ್ಮಲ್ಲಿ ಅರ್ಧಕ್ಕೇ ವಾಪಸ್ ಬರುತ್ತದೆ.

ನಮ್ಮ ದೇಶದ್ದೇ ಬೇಕು ಅನ್ನುವವರಿಗೆ ಸಿದ್ಧಾರ್ಥ ಸರ್ಮಾ ಅವರ 'ಇಯರ್ ಆಫ್ ದಿ ವೀಡ್ಸ್', 2018. ಒಡಿಶಾದ ಒಂದು ಹಳ್ಳಿ, ತೋಟದ ಕೆಲಸ ಮಾಡುವ ಗೊಂಡ ಬುಡಕಟ್ಟಿನ ಹುಡುಗ ಕೊರೊಕ್, ಸರ್ಕಾರಿ ಅಧಿಕಾರಿಯ ಮಗಳು ಅಂಚಿತಾ, ಬೆಟ್ಟದ ಕೆಳಗೆ ಬಾಕ್ಸೈಟ್ ಅನ್ನುವ ಅಲ್ಯೂಮಿನಿಯಂ ಅದಿರು, ಅದನ್ನು ತೆಗೆಯಲು ಬರುವ ಕಂಪನಿ. ಇದರ ಹಿಂದೆ ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಗಣಿಯ ವಿರುದ್ಧ ನಡೆದ ನಿಜ ಹೋರಾಟ ಇದೆ. ಅಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನವನ್ನು ಗ್ರಾಮಸಭೆಗಳಿಗೇ ಬಿಟ್ಟಿತು, 12 ಗ್ರಾಮಸಭೆಗಳೂ ಗಣಿ ಬೇಡ ಅಂದವು. ನಮ್ಮ ಕುದುರೆಮುಖದಲ್ಲಿ 2005ರ ಕೊನೆಗೆ ಕೋರ್ಟ್ ಆದೇಶದಿಂದ ಗಣಿ ನಿಂತದ್ದನ್ನು ಕೇಳಿ ಬೆಳೆದ ಚಿಕ್ಕಮಗಳೂರು ಕಡೆಯ ಮಕ್ಕಳಿಗೆ ಇದು ದೂರದ ಕಥೆ ಅನ್ನಿಸುವುದಿಲ್ಲ. ಶುರು ಸ್ವಲ್ಪ ನಿಧಾನ. ಹೊಡಿ ಬಡಿ ಬೇಕು ಅನ್ನುವವರಿಗೆ ಕೊಡಬೇಡಿ. ಸುತ್ತಮುತ್ತ ನಡೆಯುವುದಕ್ಕೆಲ್ಲ "ಯಾಕೆ ಹೀಗೆ?" ಅಂತ ಕೇಳುವ ಮಗು ಇರುತ್ತದಲ್ಲ, ಅದಕ್ಕೆ ಕೊಡಿ.

ರಸ್ಕಿನ್ ಬಾಂಡ್ ಅಂದರೆ ಎಲ್ಲರಿಗೂ ಬೆಟ್ಟ, ಮಳೆ, ಚೆರ್ರಿ ಮರ ನೆನಪಾಗುತ್ತದೆ, ಸಣ್ಣ ಮಕ್ಕಳಿಗೆ ಅಂತ ಕೊಂಡೊಯ್ಯುತ್ತಾರೆ. ಆದರೆ 17ನೇ ವಯಸ್ಸಿನಲ್ಲಿ ಅವರು ಬರೆದ 'ದಿ ರೂಮ್ ಆನ್ ದಿ ರೂಫ್' ಬೇರೆಯದೇ. 1956ರಲ್ಲಿ ಬಂತು, ಮರುವರ್ಷ ಇಂಗ್ಲೆಂಡಿನ ಜಾನ್ ಲೆವೆಲಿನ್ ರೀಸ್ ಬಹುಮಾನ ಬಂತು. ಡೆಹ್ರಾದೂನಿನ ಆಂಗ್ಲೋ ಇಂಡಿಯನ್ ಹುಡುಗ ರಸ್ಟಿ ಹೋಳಿ ಆಡಿ ಮೈಯೆಲ್ಲ ಬಣ್ಣ ಮಾಡಿಕೊಂಡು ಮನೆಗೆ ಬರುತ್ತಾನೆ, ಪೋಷಕ ಬೆತ್ತ ತೆಗೆಯುತ್ತಾನೆ, ಹುಡುಗ ತಿರುಗಿ ಹೊಡೆದು ಮನೆ ಬಿಟ್ಟು ಹೋಗುತ್ತಾನೆ. ಇಷ್ಟು ಹೇಳಿದರೆ ಸಾಕು, ಕೈ ಚಾಚುತ್ತಾರೆ. ರಸ್ಟಿಗೆ ಗೆಳೆಯನ ತಾಯಿಯ ಮೇಲೆ ಪ್ರೀತಿ ಹುಟ್ಟುವ ಭಾಗವೂ ಇದೆ. ಲೇಖಕರ ಹೆಸರು ನೋಡಿ ಆರನೇ ಕ್ಲಾಸಿನವರಿಗೆ ತಂದುಕೊಟ್ಟುಬಿಡಬೇಡಿ. ಹತ್ತು, ಪಿಯುಸಿಯವರಿಗೆ ಸರಿ.

ಪಿಯುಸಿ ಹುಡುಗಿಯರಿಗೆ ನಾನು ತಪ್ಪದೆ ಕೊಡುವುದು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಸಣ್ಣ ಕಾದಂಬರಿ, ಕಾಸರಗೋಡಿನ ಕಡೆಯ ಕಥೆ. ಇದರಲ್ಲಿ ನಾದಿರಾಳ ಪರವಾಗಿ ಎಲ್ಲರೂ ತೀರ್ಮಾನ ಮಾಡುತ್ತಾರೆ, ಮದುವೆ, ತಲಾಖ್, ಮತ್ತೆ ಗಂಡನನ್ನು ಸೇರಬೇಕಾದರೆ ಏನು ಮಾಡಬೇಕು, ಎಲ್ಲ. ಅವಳನ್ನು ಯಾರೂ ಕೇಳುವುದಿಲ್ಲ. ನಾನು ಮೊದಲು ಹೇಳಿದ ಗುಣಕ್ಕೆ ಇದು ಪೂರ್ತಿ ಉಲ್ಟಾ, ಅದಕ್ಕೇ ಓದುವ ಹುಡುಗಿಯರಿಗೆ ಮೈ ಉರಿಯುತ್ತದೆ. ಕೊನೆ ಬಹಳ ಭಾರ. ಓದಿದವರ ಜೊತೆ ಕೂತು ಮಾತಾಡಲು ಮನೆಯಲ್ಲಿ ಯಾರಾದರೂ ಇದ್ದರೆ ಒಳ್ಳೆಯದು. "ಇಂಥದ್ದೆಲ್ಲ ಈಗಲೇ ಯಾಕೆ?" ಅಂತ ಒಬ್ಬರು ಕೇಳಿದರು. ಅವರ ಮಗಳು ಅಷ್ಟರಲ್ಲಿ ಓದಿ ಮುಗಿಸಿಯಾಗಿತ್ತು.

ಓದಿದ ಮೇಲೆ ಸಾರಾಂಶ ಬರೆಸಿ ಅಂತ ಕೆಲವರು ನನಗೇ ಹೇಳುತ್ತಾರೆ. ಬರೆಸುವುದಿಲ್ಲ. ನೀವೂ ಬರೆಸಬೇಡಿ. ಬೇಕಾದರೆ ಅದೇ ಪುಸ್ತಕ ನೀವೂ ಓದಿ, ಊಟ ಮಾಡುವಾಗ 'ಔಟ್‌ಸೈಡರ್ಸ್'ನ ದೊಡ್ಡಣ್ಣ ಡ್ಯಾರಿ ಮಾಡಿದ್ದು ಸರೀನಾ ಅಂತ ಕೇಳಿ ನೋಡಿ. ಜಗಳವೇ ಆಗುತ್ತದೆ, ಆಗಲಿ. ಅರ್ಧಕ್ಕೆ ಬಿಟ್ಟರೆ ಬಿಡಲಿ, ನಾವೇನು ಎಲ್ಲ ಪುಸ್ತಕ ಮುಗಿಸಿದ್ದೇವಾ?

ಏಳನೇ ಕ್ಲಾಸಿನ ತಮ್ಮ ತಂಗಿಯರಿಗೆ ರೋಶನಿ ಚೋಕ್ಷಿ ಅವರ 'ಅರು ಶಾ ಅಂಡ್ ದಿ ಎಂಡ್ ಆಫ್ ಟೈಮ್' ಸಾಕಾಗುತ್ತದೆ. ಅಟ್ಲಾಂಟಾದಲ್ಲಿರುವ ಹುಡುಗಿ, ಮ್ಯೂಸಿಯಂನ ದೀಪ ಹಚ್ಚಿ ಅನಾಹುತ ಮಾಡಿಕೊಳ್ಳುತ್ತಾಳೆ, ಪಾಂಡವರ ಕಥೆ ಜೊತೆಗೆ ಸೇರಿಕೊಳ್ಳುತ್ತದೆ. ಸುಮ್ನೆ ಮಜಾ.

ಕೊಳ್ಳುವಾಗ ಎರಡು ಎಚ್ಚರ. ಈಗ ದೊಡ್ಡವರ ರೊಮ್ಯಾನ್ಸ್ ಕಾದಂಬರಿಗಳಿಗೂ ಬಣ್ಣಬಣ್ಣದ ಕಾರ್ಟೂನ್ ಮುಖಪುಟ ಹಾಕುತ್ತಾರೆ. ಒಂದು ಅಂಗಡಿಯಲ್ಲಿ ಅಂಥವನ್ನು ಸೀದಾ ಹದಿಹರೆಯದವರ ಶೆಲ್ಫಿನಲ್ಲಿ ಜೋಡಿಸಿದ್ದರು, ಕೇಳಿದರೆ "ಇದೇ ಮೇಡಂ ಈಗ ಮಕ್ಕಳು ಕೇಳೋದು" ಅಂದರು. ಮುಖಪುಟ ನಂಬದೆ ಮಧ್ಯದಲ್ಲಿ ಎರಡು ಕಡೆ ತೆರೆದು ಓದಿ ನೋಡಿ. ಇನ್ನೊಂದು, ಫುಟ್‌ಪಾತ್ ಮೇಲಿನ ನಕಲಿ ಪ್ರತಿಗಳು. ಕಾಗದ ತೆಳು, ಹಿಂದಿನ ಪುಟದ ಅಕ್ಷರ ಈ ಕಡೆ ಕಾಣುತ್ತದೆ, ಮಧ್ಯೆ ಪುಟಗಳೇ ಇರುವುದಿಲ್ಲ. ನಮ್ಮ ಕಪಾಟಿಗೆ ಯಾರೋ ಕೊಟ್ಟ 'ಹಂಗರ್ ಗೇಮ್ಸ್' ಪ್ರತಿಯಲ್ಲಿ ಕಾದಾಟ ಜೋರಾಗುವ ಹೊತ್ತಿಗೇ ಒಂದಷ್ಟು ಪುಟ ಮಾಯ, ಓದುತ್ತಿದ್ದ ಹುಡುಗಿ ರಾತ್ರಿ ಒಂಬತ್ತಕ್ಕೆ ಬಾಗಿಲು ಬಡಿದಳು. ಹೊಸದಕ್ಕೆ ದುಡ್ಡು ಜಾಸ್ತಿ ಅನ್ನಿಸಿದರೆ ಬೆಂಗಳೂರಿನಲ್ಲಿ ಇರುವವರು ಚರ್ಚ್ ಸ್ಟ್ರೀಟಿನ ಬ್ಲಾಸಮ್ ಥರದ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಅಸಲಿ ಪ್ರತಿ ಹುಡುಕಿ, ಮಕ್ಕಳನ್ನೂ ಕರೆದುಕೊಂಡು ಹೋಗಿ, ಅವರೇ ಆರಿಸಲಿ.