ಕಾರಿನ ಗಾಜು ಏರದಿದ್ದರೆ ಮೋಟರ್‌ಗೆ ದುಡ್ಡು ಕೊಡುವ ಮೊದಲು ಬಾಗಿಲು ಹಾಕಿ ನೋಡಿ

8,900 ರೂಪಾಯಿ ಹೋಯಿತು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮೂರು ವಾರ ಗ್ಯಾರೇಜು ಅಲೆದದ್ದು ಬೇರೆ. ಕೊನೆಗೆ ಸಿಕ್ಕಿದ ತಪ್ಪು ಒಂದೇ ಒಂದು ವಯರು. ಮಳೆಗಾಲದಲ್ಲಿ ಕೊಡಗಿನಲ್ಲಿ ಕಾರು ಓಡಿಸುವವರು ಇದನ್ನು ಓದಿಟ್ಟುಕೊಳ್ಳಿ.

ಮೈಸೂರಿನಿಂದ ಬರುತ್ತಿದ್ದೆವು. ಆನೆಚೌಕೂರು ದಾಟಿದ ಮೇಲೆ ಒಳಗೆಲ್ಲ ಆವಿ ಕಟ್ಟಿತೆಂದು ಮನೆಯವಳು ತನ್ನ ಕಡೆಯ ಗಾಜನ್ನು ಅರ್ಧ ಇಳಿಸಿದಳು. ಮಳೆ ರಾಚಿತು, ಸ್ವಿಚ್ ಎತ್ತಿದಳು, ಗಾಜು ಏರಲಿಲ್ಲ. ನನ್ನ ಬಾಗಿಲಿನ ಸ್ವಿಚ್ಚೂ ಕೇಳಲಿಲ್ಲ. ಆನೆ ಓಡಾಡುವ ರಸ್ತೆ, ನಿಲ್ಲಿಸಿ ನೋಡೋಣ ಅನ್ನುವ ಹಾಗಿಲ್ಲ. ತಿತಿಮತಿ ಬರುವ ತನಕ ಅವಳು ಕಾರಿನೊಳಗೇ ಕೊಡೆ ಬಿಡಿಸಿ ಕೂತಿದ್ದಳು.

ಮರುದಿನ ಗ್ಯಾರೇಜಿಗೆ ಹೋದೆ. ಹೆಸರು ಬೇಡ. ಹುಡುಗ ಒಂದು ಸಲ ಸ್ವಿಚ್ ಒತ್ತಿ ನೋಡಿ, "ಮೋಟರ್ ಹೋಗಿದೆ ಅಣ್ಣ, ಸೆಟ್ಟೇ ಹಾಕ್ಬೇಕು" ಅಂದ. ಮೋಟರು, ರೆಗ್ಯುಲೇಟರು (ಮೋಟರು ತಿರುಗಿದಾಗ ಗಾಜನ್ನು ಎತ್ತಿ ಇಳಿಸುವ ಭಾಗ), ಕೂಲಿ ಎಲ್ಲ ಸೇರಿ 5,500. ಬಾಗಿಲು ಪೂರ್ತಿ ತೆರೆದಿಟ್ಟು ನಾಲ್ಕು ಸಲ ಏರಿಸಿ ಇಳಿಸಿ ತೋರಿಸಿದ. ಬೆಣ್ಣೆಯಂತೆ ಹೋಯಿತು. ಎರಡು ದಿನ ಬಿಟ್ಟು ಪೊನ್ನಂಪೇಟೆಯಲ್ಲಿ ಗಾಜು ಇಳಿಸಿದೆವು, ಅದೇ ಕತೆ. ಈ ಸಲ "ಡ್ರೈವರ್ ಕಡೆಯ ಮೇನ್ ಸ್ವಿಚ್" ಎಂದ, 3,400. ಮತ್ತೆ ಬಾಗಿಲು ತೆರೆದಿಟ್ಟೇ ತೋರಿಸಿದ, ಮತ್ತೆ ಸರಿ ಇತ್ತು. ಮೂರನೇ ಸಲ ಕೆಟ್ಟಾಗ ಕಂಪ್ಯೂಟರ್ ಬಾಕ್ಸ್ ಬದಲಿಸುವ ಮಾತು ಬಂತು. ಆಗ ಕಾರು ತೆಗೆದುಕೊಂಡು ಬಂದೆ.

ಗೋಣಿಕೊಪ್ಪದಲ್ಲಿ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ, ಎಲ್ಲರೂ ಕಾಕ ಅನ್ನುವುದು. ಅವರು ಸ್ಪಾನರ್ ಮುಟ್ಟಲೇ ಇಲ್ಲ, ಬರೀ ಪ್ರಶ್ನೆ ಕೇಳಿದರು.

"ಆ ಬಾಗಿಲಿನ ಸ್ವಿಚ್‌ನಲ್ಲಿ ಇಳೀತದಾ?"

"ಇಳೀತದೆ ಕಾಕ. ಏರೋದಿಲ್ಲ."

"ನಿಮ್ಮ ಕಡೆಯದ್ದರಲ್ಲಿ?"

"ಎರಡೂ ಇಲ್ಲ."

"ಇಳಿಸುವ ಮೋಟರು ಸತ್ತಿರ್ತದಾ? ಅದೇ ಮೋಟರು ತಾನೇ ಎತ್ತೋದು."

ಆಮೇಲೆ ಒಳಗೆ ಕೂತು ಬಾಗಿಲು ಹಾಕಿಕೊಂಡು ಸ್ವಿಚ್ ಎತ್ತಿದರು, ಇಲ್ಲ. ಸ್ವಿಚ್ ಎತ್ತಿ ಹಿಡಿದುಕೊಂಡೇ ಬಾಗಿಲನ್ನು ಮೆಲ್ಲಗೆ ತೆರೆದರು. ಮುಕ್ಕಾಲು ತೆರೆದಾಗ ಗಾಜು ತಾನಾಗಿ ಎದ್ದಿತು! ಬಾಗಿಲ ಕೀಲಿನ ಬಳಿ ವಯರು ಹಾಯುವ ರಬ್ಬರ್ ಕೊಳವೆಯನ್ನು ಕಿತ್ತು ಹಿಂದೆ ಸರಿಸಿದರೆ, ಒಳಗೊಂದು ವಯರಿನ ಸಿಪ್ಪೆ ಬಿರಿದಿದೆ, ತಾಮ್ರ ಹಸಿರು ಕಿಲುಬು ಹಿಡಿದು ತುಂಡಾಗಿದೆ. ಬಾಗಿಲು ತೆರೆದಾಗ ಎರಡು ತುದಿ ತಾಗುತ್ತಿತ್ತು, ಹಾಕಿದಾಗ ಬಿಡುತ್ತಿತ್ತು. ಗ್ಯಾರೇಜಿನಲ್ಲಿ ಪ್ರತಿ ಸಲವೂ ರಿಪೇರಿ "ಆದದ್ದು" ಇದರಿಂದ.

ಅವರು ಬಿಡಿಸಿ ಹೇಳಿದ್ದು ಹೀಗೆ. ಗಾಜನ್ನು ಕಂಪ್ಯೂಟರ್ ನಡೆಸದ ಸಾಮಾನ್ಯ ಕಾರುಗಳಲ್ಲಿ ಗಾಜಿನ ಮೋಟರಿಗೆ ಎರಡೇ ವಯರು. ಒಂದಕ್ಕೆ 12 ವೋಲ್ಟ್, ಇನ್ನೊಂದಕ್ಕೆ ಅರ್ತ್ (ಕರೆಂಟು ವಾಪಸ್ ಹೋಗುವ ದಾರಿ) ಸಿಕ್ಕರೆ ಗಾಜು ಏರುತ್ತದೆ, ಅದಲು ಬದಲಾದರೆ ಇಳಿಯುತ್ತದೆ. ಎಡಗಡೆಯ ಬಾಗಿಲಿಗೆ ಆ ಅರ್ತ್ ಬರುವುದೇ ಡ್ರೈವರ್ ಕಡೆಯ ಸ್ವಿಚ್ ಮೂಲಕ, ಕೀಲಿನ ಸಂದಿಯಲ್ಲಿ ಹಾದು. ಏರುವಾಗ ಅರ್ತ್ ಕೊಡಬೇಕಾದ ವಯರು ತುಂಡಾಗಿತ್ತು, ಹಾಗಾಗಿ ಒಂದೇ ದಿಕ್ಕು. ಮಡಚುವ ಜಾಗದಲ್ಲೇ ಬೆಸುಗೆ ಹಾಕಿದರೆ ಮತ್ತೆ ಅಲ್ಲೇ ಮುರಿಯುತ್ತದೆಂದು ಎರಡೂ ಬದಿಗೆ ಉದ್ದಕ್ಕೆ ಹೊಸ ತುಂಡು ಸೇರಿಸಿ ಸ್ಲೀವ್ ಏರಿಸಿದರು. 300 ರೂಪಾಯಿ.

ನಿಮಗೂ ಹೀಗಾದರೆ ಮೊದಲು ಡ್ರೈವರ್ ಬಾಗಿಲಲ್ಲಿರುವ ವಿಂಡೋ ಲಾಕ್ ಬಟನ್ ಒತ್ತಿಹೋಗಿದೆಯಾ ನೋಡಿ (ನಗಬೇಡಿ, ಅದಕ್ಕೇ ಗ್ಯಾರೇಜಿಗೆ ಹೋದವರನ್ನು ಕಂಡಿದ್ದೇನೆ). ಎಲ್ಲ ಗಾಜೂ ಒಟ್ಟಿಗೆ ನಿಂತರೆ ಫ್ಯೂಸ್ ನೋಡಿ. ರಾತ್ರಿ ಒಳಗಿನ ಲೈಟ್ ಹಾಕಿ ಸ್ವಿಚ್ ಒತ್ತಿ: ಲೈಟ್ ಮಂಕಾದರೆ ಕರೆಂಟು ಮೋಟರಿಗೆ ಹೋಗುತ್ತಿದೆ, ಗಾಜೋ ಮೋಟರೋ ಸಿಕ್ಕಿಕೊಂಡಿದೆ. ಮಂಕಾಗದಿದ್ದರೆ ಕರೆಂಟು ದಾರಿಯಲ್ಲೇ ಕಡಿದಿರಬಹುದು. ಗುರ್ ಅಂತ ಮೋಟರು ತಿರುಗುತ್ತದೆ, ಗಾಜು ಅಲ್ಲಾಡುವುದಿಲ್ಲ ಅಂದರೆ ರೆಗ್ಯುಲೇಟರಿನ ಕೇಬಲ್ಲು. ಎರಡು ಕಡೆಯಿಂದ ಅಂಗೈ ಒತ್ತಿ ಸಹಾಯ ಮಾಡಿದರೆ ಮಾತ್ರ ಏರುವ ಗಾಜಿಗೆ, ಅದು ಜಾರುವ ಚಾನೆಲ್ ರಬ್ಬರಿನ ಕೆಸರು ತೆಗೆಸಿದರೆ ಸಾಕಾಗಬಹುದು.

ಇನ್ನೊಂದು ನಷ್ಟ ನನಗೆ ತಡವಾಗಿ ಗೊತ್ತಾಯಿತು. ಡೋರ್ ಪ್ಯಾಡಿನ (ಬಾಗಿಲಿನ ಒಳಬದಿಯ ಹೊದಿಕೆ) ಹಿಂದೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಗಾಜಿನ ಮೇಲಿಂದ ಬಾಗಿಲೊಳಗೆ ಮಳೆನೀರು ಇಳಿಯುವುದು ಸಹಜ, ಅದು ಅಡಿಯ ತೂತುಗಳಿಂದ ಹೊರಗೆ ಹೋಗಬೇಕು. ಗ್ಯಾರೇಜಿನವರು ಹಾಳೆಯನ್ನು ಹರಿದು ಬಿಸಾಡಿದ್ದರು. ನೀರೆಲ್ಲ ಕಾರಿನೊಳಗೆ ಬಂದು ಮ್ಯಾಟಿನಡಿ ಬೂಷ್ಟು ಹಿಡಿದು ನಾರತೊಡಗಿತು. ಕಾಕ ದಪ್ಪ ಪಾಲಿಥೀನ್ ಕತ್ತರಿಸಿ ಅಂಟಿಸಿದರು. ಅಡಿಯ ತೂತಿಗೆ ಕಂಬಿ ಹಾಕಿದಾಗ ಕೊಳೆತ ಸಿಲ್ವರ್ ಓಕ್ ಎಲೆ ಒಂದು ಹಿಡಿ ಬಂತು, ತೋಟದಲ್ಲಿ ಕಾರು ನಿಲ್ಲಿಸುವವರಿಗೆ ಇದು ತಪ್ಪಿದ್ದಲ್ಲ.

ರಿಪೇರಿಗೆ ಕೊಡುವಾಗಲೇ ಹಳೇ ಸಾಮಾನು ವಾಪಸ್ ಬೇಕು ಎಂದು ಹೇಳಿಬಿಡಿ. ನಾನು ಹೇಳಿರಲಿಲ್ಲ. ಏನೂ ಆಗಿರದ ನನ್ನ ಹಳೇ ಮೋಟರ್ ಕೇಳಲು ಆ ಗ್ಯಾರೇಜಿಗೆ ಹೋದರೆ, "ಗುಜರಿಗೆ ಹಾಕಿಯಾಯ್ತಲ್ಲ ಅಣ್ಣ" ಅಂದರು.