ರೋಬೋಟ್ ಗೇರ್‌ಬಾಕ್ಸ್‌ಗೆ ಓಪನ್‌ಸ್ಕ್ಯಾಡೋ, ಕ್ಯಾಡ್‌ಕ್ವೆರಿಯೋ?

ಎರಡೂ 3ಡಿ ಡಿಸೈನ್ ಮಾಡುವ ಉಚಿತ ಸಾಫ್ಟ್‌ವೇರ್, ಎರಡರಲ್ಲೂ ಕೋಡ್ ಬರೆದೇ ಡಿಸೈನ್ ಮಾಡಬೇಕು. ಒಂದು ಪ್ಲಾನೆಟರಿ ಗೇರ್‌ಬಾಕ್ಸ್ ತಗೊಳ್ಳಿ. ನಡುವಿನ ಸನ್ ಗೇರ್‌ಗೆ 12 ಹಲ್ಲು, ಸುತ್ತಲಿನ 3 ಪ್ಲಾನೆಟ್‌ಗಳಿಗೆ 18, ಹೊರಗಿನ ರಿಂಗ್‌ಗೆ 48. ಮೋಟರನ್ನು ಸನ್‌ಗೆ, ರೋಬೋಟಿನ ಕೈಯನ್ನು ಪ್ಲಾನೆಟ್‌ಗಳನ್ನು ಹಿಡಿದ ಚೌಕಟ್ಟಿಗೆ ಜೋಡಿಸಿ, ರಿಂಗ್ ತಿರುಗದಂತೆ ಹಿಡಿದರೆ ಮೋಟರ್ 5 ಸುತ್ತಿಗೆ ರೋಬೋಟಿನ ಕೈ 1 ಸುತ್ತು. ಪ್ಲಾನೆಟ್ ಹಲ್ಲು 24 ಮಾಡಿದರೆ ಕೋಡ್‌ನಲ್ಲಿ ರಿಂಗ್ ತಾನಾಗಿಯೇ 60 (12 + 24 + 24) ಆಗಬೇಕು, ಅಲ್ವಾ? ಇಷ್ಟನ್ನು ಎರಡರಲ್ಲೂ ಮಾಡಬಹುದು.

ಓಪನ್‌ಸ್ಕ್ಯಾಡ್ ಬೇಗ ಕೈಗೆ ಹತ್ತುತ್ತದೆ. ಮನೆಯ 3ಡಿ ಪ್ರಿಂಟರ್‌ಗೆ ಅದರ ಎಸ್‌ಟಿಎಲ್ ಫೈಲ್ ಸಾಕು. ಆದರೆ ಆ ಫೈಲ್‌ನಲ್ಲಿರುವುದು ಚಿಕ್ಕ ಚಿಕ್ಕ ತ್ರಿಕೋನಗಳ ಜಾಲ, ನಿಖರವಾದ ದುಂಡು ಆಕಾರ ಅಲ್ಲ. ಲೋಹದಲ್ಲಿ ಮಾಡಿಸಲು ಹೋದರೆ ವರ್ಕ್‌ಶಾಪಿನವರು ಜಾಸ್ತಿ ಕೇಳುವುದು ನಿಖರ ಆಕಾರವನ್ನೇ ಹಿಡಿದಿಡುವ ಸ್ಟೆಪ್ ಫೈಲ್. ಕ್ಯಾಡ್‌ಕ್ವೆರಿ ಅದನ್ನು ನೇರವಾಗಿ ಕೊಡುತ್ತದೆ. ಕೇಸಿನ ಅಂಚು ದುಂಡಗೆ ಮಾಡಲೂ ಒಂದೇ ಸಾಲು ಸಾಕು. ಅದರ ಕೋಡ್ ಬರೆಯುವುದು ಪೈಥಾನ್ ಭಾಷೆಯಲ್ಲಿ. ಪೈಥಾನ್ ಗೊತ್ತಿದ್ದರೆ ಯೋಚಿಸಬೇಡಿ, ಕ್ಯಾಡ್‌ಕ್ವೆರಿಯನ್ನೇ ಹಿಡಿಯಿರಿ.