ನಿಟಿನಾಲ್ ಆಕ್ಚುಯೇಟರ್ ತಂತಿ, 0.15 ಮಿ.ಮೀ.: ದೀರ್ಘ ಬಳಕೆಯ ನಂತರ

ತಂತಿ ಬಲ ಕಳೆದುಕೊಂಡಿತು, ಉದ್ದವಾಗಿಬಿಟ್ಟಿತು ಎಂಬ ದೂರುಗಳಲ್ಲಿ ಬಹುಪಾಲು ತಂತಿಯ ತಪ್ಪಲ್ಲ, ಜೋಡಣೆಯದು. ನಿಕಲ್ ಮತ್ತು ಟೈಟಾನಿಯಂ ಪರಮಾಣುಗಳು ಹೆಚ್ಚುಕಡಿಮೆ ಸಮಸಮ ಇರುವ ನಿಟಿನಾಲ್ ಮಿಶ್ರಲೋಹದ ತಂತಿ, ಕರೆಂಟ್ ಹರಿಸಿ ಬಿಸಿಮಾಡಿದಾಗ, ತನ್ನ ಹಳೆಯ ಆಕಾರವನ್ನು ನೆನೆದಂತೆ ಕುಗ್ಗುತ್ತದೆ. ಆ ಎಳೆತದಿಂದ ಏನನ್ನಾದರೂ ಅಲುಗಿಸುವುದೇ ಆಕ್ಚುಯೇಟರ್ ಕೆಲಸ. ತಣ್ಣಗಾದರೆ ತಾನಾಗಿ ಹಿಗ್ಗುವುದಿಲ್ಲ, ಯಾರಾದರೂ ಎಳೆಯಬೇಕು. ಸ್ಪ್ರಿಂಗೋ ತೂಕವೋ ಇಲ್ಲದಿದ್ದರೆ ಎರಡನೇ ಸಲಕ್ಕೆ ಏನೂ ಅಲುಗದು.

ಲೆಕ್ಕ ಹೀಗೆ. ಈ ದಪ್ಪಕ್ಕೆ ಮೀಟರಿಗೆ ಸುಮಾರು 55 ಓಮ್ ರೋಧ. 20 ಸೆಂ.ಮೀ. ತುಂಡಿಗೆ 11 ಓಮ್. ಒಂದು ಸೆಕೆಂಡಿನಲ್ಲಿ ಕುಗ್ಗಲು 410 ಮಿಲಿಆಂಪ್ ಸಾಕು, ಅಂದರೆ ನಾಲ್ಕೂವರೆ ವೋಲ್ಟ್. ಎಳೆತ ಸುಮಾರು 320 ಗ್ರಾಂ, ಚಲನೆ ಶೇ. 4, ಅಂದರೆ 8 ಮಿ.ಮೀ. ಕ್ರಿಂಪ್ (ತುದಿಯನ್ನು ಒತ್ತಿ ಹಿಡಿಯುವ ಕೊಳವೆ) ಪಕ್ಕದ ಕೆಲವು ಮಿ.ಮೀ. ಪೂರ್ತಿ ಬಿಸಿಯಾಗುವುದಿಲ್ಲ. ಅದನ್ನು ಲೆಕ್ಕದಿಂದ ಬಿಟ್ಟುಬಿಡಿ. ಶೇ. 8ರವರೆಗೂ ಎಳೆಯಬಹುದು ಅನ್ನುವುದು ನಿಜವೇ, ಆದರೆ ಹಾಗೆ ದುಡಿಸಿದರೆ ಆಯುಷ್ಯ ಮಾತ್ರ ತೀರಾ ಕಡಿಮೆ.

ಬೆಸುಗೆ ಬೇಡವೇ ಬೇಡ. ಮೇಲಿನ ಟೈಟಾನಿಯಂ ಆಕ್ಸೈಡ್ ಪದರಕ್ಕೆ ಮಾಮೂಲಿ ಸೀಸ ಅಂಟುವುದಿಲ್ಲ. ಹಾಗೂ ಹೀಗೂ ಅಂಟಿಸಿದರೂ ಎಳೆತಕ್ಕೆ ಕಿತ್ತುಬರುತ್ತದೆ. ತುದಿಯನ್ನು ನಯವಾದ ಎಮರಿ ಕಾಗದದಲ್ಲಿ ಉಜ್ಜಿ, ಮಡಚಿ, ಸಣ್ಣ ಹಿತ್ತಾಳೆ ಕೊಳವೆಯೊಳಗೆ ತೂರಿಸಿ ಇಕ್ಕಳದಲ್ಲಿ ಒತ್ತಿ. ಚೂಪಾದ ಅಂಚಿನ ಮೇಲೆ ತಂತಿ ಬಾಗಬಾರದು, ಮುರಿಯುವುದು ಅಲ್ಲಿಯೇ.

ಕುಗ್ಗಿದ ಮೇಲೂ ಅದೇ ಕರೆಂಟ್ ಬಿಟ್ಟುಕೊಂಡಿರುವುದೇ ತಂತಿಯನ್ನು ಕೊಲ್ಲುವ ದೊಡ್ಡ ಕಾರಣ. ಅತಿ ಬಿಸಿಯಾದರೆ ಆಕಾರದ ನೆನಪು ಅಳಿಸುತ್ತದೆ, ಆಮೇಲೆ ಸಾದಾ ತಂತಿ. ಮಾಸ್ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಹಾಕಿ, ಕುಗ್ಗಿದ ತಕ್ಷಣ ಪಿಡಬ್ಲ್ಯೂಎಂ (ಕರೆಂಟನ್ನು ಬೇಗಬೇಗ ಬಿಟ್ಟು ನಿಲ್ಲಿಸುವುದರಲ್ಲಿ ಬಿಡುವ ಪಾಲು) ಇಳಿಸಿ. ಕುಗ್ಗುವಾಗ ರೋಧವೂ ಇಳಿಯುವುದರಿಂದ ಬೇರೆ ಸೆನ್ಸರ್ ಇಲ್ಲದೆಯೇ ಹಂತವನ್ನು ಗುರುತಿಸಬಹುದು. ಇದು ನಿಜಕ್ಕೂ ಮೆಚ್ಚುವ ಗುಣ.

ಬೀಗದ ಕೊಕ್ಕೆ, ಸಣ್ಣ ಕವಾಟ, ಸದ್ದಾಗಬಾರದ ಜಾಗ: ಇಂಥಲ್ಲಿ ಇದಕ್ಕೆ ಸಾಟಿಯಿಲ್ಲ. ವೇಗ ಬೇಕಿದ್ದರೆ ಸರ್ವೋ ಮೋಟರ್ ಕೊಳ್ಳಿ. ತಣಿಯಲು ಸುಮಾರು 2 ಸೆಕೆಂಡ್ ಬೇಕು, ವಿದ್ಯುತ್ತಿನ ಬಹುಭಾಗ ಶಾಖವಾಗಿಯೇ ಹೋಗುತ್ತದೆ, ಬ್ಯಾಟರಿಗೆ ಇದು ಹೊರೆ. ಸುಮಾರು 70 ಡಿಗ್ರಿ ಸೆಲ್ಸಿಯಸ್‌ಗೆ ಕುಗ್ಗುವ ತಂತಿ, 90 ಡಿಗ್ರಿಗೆ ಕುಗ್ಗುವ ತಂತಿ ಎರಡೂ ಸಿಗುತ್ತವೆ. ಮುಚ್ಚಿದ ಪೆಟ್ಟಿಗೆಯೊಳಗೆ ಕೂರಿಸುವುದಾದರೆ 90ರದ್ದನ್ನೇ ಆರಿಸಿ. ಒಳಗೆ ಸೆಖೆ ಏರಿದಂತೆ 70ರದ್ದು ಪೂರ್ತಿ ಸಡಿಲವಾಗದೆ ಅರ್ಧಕ್ಕೇ ನಿಲ್ಲುತ್ತದೆ.